ಕೃಷಿ ಸಂಶೋಧಕರಿಗೆ ಲೆಕ್ಕದ ಪಾಠ: ರೈತರಾದ ನಮಗೆ ಅದರಿಂದೇನು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನಮಗೆ ಕೊಟ್ಟಿರುವ ವಿಷಯ ಕೃಷಿ ಸಂಶೋಧಕರಿಗೆ ಆನ್‌ಲೈನ್ ಮೂಲಕ ಸಂಖ್ಯಾಶಾಸ್ತ್ರದ ತರಬೇತಿ. ಆಹ್ವಾನ ಪತ್ರಿಕೆ ಓದಿದ ಸ್ನೇಹಿತರೊಬ್ಬರು, "ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೆಂಗೋ ಪಾಸಾದೋರು ನೀವು, ಇದರ ಬಗ್ಗೆ ಏನು ಮಾತಾಡ್ತೀರಿ?" ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ನಾವು ಪಂಡಿತರಲ್ಲ. ಆದರೆ ಈ ಲೆಕ್ಕ ಗೊತ್ತಿಲ್ಲದೇ ಇದ್ದದ್ದರಿಂದ ನಮ್ಮ ಸಂಘಕ್ಕೆ, ನಿಮ್ಮೆಲ್ಲರಿಗೆ, ಒಂದು ಸಲ ನಷ್ಟವಾಗಿದೆ. ಆ ನಷ್ಟದ ಕಾಗದಕ್ಕೆ ನಮ್ಮ ಸಹಿಯೂ ಇದೆ. ಆದ್ದರಿಂದ ಮಾತಾಡುವ ಹಕ್ಕಲ್ಲದಿದ್ದರೂ ಮಾತಾಡುವ ಋಣ ನಮ್ಮ ಮೇಲಿದೆ ಎಂದು ತಿಳಿದು ಎದ್ದು ನಿಂತಿದ್ದೇವೆ.

ಹಿರಿಯ ಸದಸ್ಯರಿಗೆ ನೆನಪಿರಬಹುದು. 2016 ಬರದ ವರ್ಷ. ಆ ವರ್ಷ ಕಡಲೆಕಾಯಿಗೆ ಹೊಡೆಯುವ ಒಂದು ಟಾನಿಕ್ ತಂದ ಕಂಪನಿಯವರು ನಮ್ಮೂರಲ್ಲಿ ಒಂದು ಪ್ರಾತ್ಯಕ್ಷಿಕೆ ಮಾಡಿದರು. ಕೆರೆ ಏರಿ ಕೆಳಗಿನ ಹೊಲದಲ್ಲಿ ಅರ್ಧ ಎಕರೆಗೆ ಟಾನಿಕ್ ಹೊಡೆಸಿದರು. ಸುಗ್ಗಿ ಹೊತ್ತಿಗೆ ಶಾಮಿಯಾನ ಹಾಕಿಸಿ, ಕಾಫಿ ಕೊಟ್ಟು, ಆ ಹೊಲದ ಗಿಡ ಕಿತ್ತು ತೋರಿಸಿದರು. ಮೇಲಿನ ಕೆಂಪು ಜಮೀನಿನ ಗಿಡವನ್ನೂ ಕಿತ್ತು ಪಕ್ಕದಲ್ಲಿಟ್ಟರು. ಒಂದರಲ್ಲಿ ಕಾಯಿ ಗೊಂಚಲು ಗೊಂಚಲು, ಇನ್ನೊಂದರಲ್ಲಿ ನಾಲ್ಕೈದು. ಎಕರೆಗೆ ಮೂರು ಮೂಟೆ ಜಾಸ್ತಿ ಅಂತ ಹೇಳಿದರು. ನಾವೆಲ್ಲ ಕಣ್ಣಾರೆ ನೋಡಿದೆವು, ನಂಬಿದೆವು. ಮಾರನೇ ವರ್ಷ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ 180 ಡಬ್ಬ ತರಿಸಿ, ಬೆಳೆಸಾಲದ ಜೊತೆಯಲ್ಲೇ ಸದಸ್ಯರಿಗೆ ಹಂಚಿದೆವು.

ಆಮೇಲೆ ಆದದ್ದು ನಿಮಗೆ ಗೊತ್ತು. ಕೆಲವರಿಗೆ ಬೆಳೆ ಚೆನ್ನಾಗಿ ಬಂತು, ಕೆಲವರಿಗೆ ಬರಲಿಲ್ಲ. ಬಂದವರು ಟಾನಿಕ್‌ನಿಂದ ಅಂದರು, ಬರದವರು ಮಳೆಯಿಂದ ಅಂದರು. ವಾರ್ಷಿಕ ಮಹಾಸಭೆಯಲ್ಲಿ ಎರಡು ಎಕರೆಯ ಒಬ್ಬ ಅಜ್ಜಿ ಹಿಂದಿನ ಸಾಲಿನಿಂದ ಎದ್ದು ನಿಂತು ಕೇಳಿದರು: "ಏನಪ್ಪಾ, ಆ ಔಷಧಿ ಹೊಡೆದಿದ್ದಕ್ಕೆ ನನಗೆ ಎಷ್ಟು ಜಾಸ್ತಿ ಬಂತು ಹೇಳಿ. ಹೊಡೀದೇ ಇದ್ದಿದ್ರೆ ಎಷ್ಟು ಬರ್ತಿತ್ತು?"

ಡೈರೆಕ್ಟರುಗಳು ಒಂಬತ್ತು ಜನ ಕೂತಿದ್ದೆವು. ಒಬ್ಬರ ಬಾಯಲ್ಲೂ ಉತ್ತರ ಬರಲಿಲ್ಲ. ಕಾರ್ಯದರ್ಶಿಗಳು ಮುಂದಿನ ವಿಷಯ ಓದಿದರು, ಸಭೆ ಮುಂದಕ್ಕೆ ಹೋಯಿತು. ಅಜ್ಜಿ ಆ ಸಾಲವನ್ನು ಬಡ್ಡಿ ಸಮೇತ ತೀರಿಸಿದರು.

ಅಜ್ಜಿ ಕೇಳಿದ ಆ ಪ್ರಶ್ನೆಯೇ ಸಂಖ್ಯಾಶಾಸ್ತ್ರದ ಮೊದಲನೇ ಪ್ರಶ್ನೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಬಂಧುಗಳೇ, ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡೋದಕ್ಕೆ ಒಂದಗುಳು ಸಾಕು ಅಂತ ನಮ್ಮ ಹಿರೀಕರು ಹೇಳಿದ್ದಾರೆ. ಮಾತು ನಿಜ. ಆದರೆ ಯಾಕೆ ನಿಜ? ಪಾತ್ರೆಯೊಳಗೆ ಅಕ್ಕಿ ಒಂದೇ, ನೀರು ಒಂದೇ, ಕೆಳಗಿನ ಬೆಂಕಿ ಒಂದೇ, ನಡುವೆ ಸೌಟು ಹಾಕಿ ತಿರುವಿರುತ್ತಾರೆ. ಡೈರಿಯಲ್ಲಿ ಹಾಲು ಅಳೆಯುವಾಗಲೂ ಹಾಗೇ. ಕ್ಯಾನಿನ ಹಾಲು ಚೆನ್ನಾಗಿ ಕಲಕಿ ಆಮೇಲೆ ಸ್ಯಾಂಪಲ್ ತೆಗೆಯಬೇಕು. ಕಲಕದೆ ಮೇಲಿನದು ತೆಗೆದರೆ ಫ್ಯಾಟ್ ಜಾಸ್ತಿ ಬರುತ್ತೆ. ಇದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ವಿಷಯ.

ಆದರೆ ಹೊಲವನ್ನು ಕಲಕೋರು ಯಾರು? ಒಂದೇ ಸರ್ವೆ ನಂಬರಿನಲ್ಲಿ ಮೇಲಿನ ಬದುವಿನ ಹತ್ತಿರ ಗರಸು ಮಣ್ಣು, ಕೆಳಗೆ ಗೋಡು ಮಣ್ಣು. ಒಂದು ಕಡೆ ಹೊಂಗೆ ಮರದ ನೆರಳು, ಇನ್ನೊಂದು ಕಡೆ ಹಳೇ ತಿಪ್ಪೆ ಇದ್ದ ಜಾಗ. ತಿಪ್ಪೆ ಇದ್ದ ಜಾಗದಲ್ಲಿ ಏನೂ ಹಾಕದೇ ಇದ್ದರೂ ರಾಗಿ ಎದೆಮಟ್ಟ ಬರುತ್ತೆ. ಹೀಗಿರುವಾಗ ಒಂದು ತಾಕು ನೋಡಿ ತೀರ್ಮಾನ ಮಾಡಿದರೆ, ಕಲಕದ ಕ್ಯಾನಿನಿಂದ ಸ್ಯಾಂಪಲ್ ತೆಗೆದ ಹಾಗೆ. ಆ ಕಂಪನಿಯವರು ತೋರಿಸಿದ್ದು ಟಾನಿಕ್‌ನ ಗುಣವೋ, ಕೆರೆ ಏರಿ ಕೆಳಗಿನ ಮಣ್ಣಿನ ತೇವದ ಗುಣವೋ? ಇವತ್ತಿಗೂ ಯಾರೂ ಹೇಳಲಾರರು. ಅವರು ಸುಳ್ಳು ಹೇಳಿದರು ಅಂತ ನಾವು ಹೇಳುವುದಿಲ್ಲ. ಪ್ರಾಯಶಃ ಅವರೂ ನಂಬಿಯೇ ಹೇಳಿರಬಹುದು. ನಂಬಿಕೆ ಬೇರೆ, ಲೆಕ್ಕ ಬೇರೆ.

ಈ ತೊಡಕು ನಮ್ಮೂರಿನದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆಯುತ್ತಿವೆ. ಎಪ್ಪತ್ತು ಎಂಬತ್ತು ವರ್ಷದ ಇಳುವರಿ ಲೆಕ್ಕ ಪುಸ್ತಕಗಳಲ್ಲಿ ತುಂಬಿಕೊಂಡಿತ್ತು, ಆದರೆ ಮಳೆಯಿಂದ ಬಂದದ್ದೆಷ್ಟು, ಮಣ್ಣಿನಿಂದ ಬಂದದ್ದೆಷ್ಟು, ಗೊಬ್ಬರದಿಂದ ಬಂದದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರನ್ನು ಅಲ್ಲಿಗೆ ಕರೆಸಿದರು. ಅವರು 1925ರಲ್ಲಿ ಮತ್ತು 1935ರಲ್ಲಿ ಬರೆದ ಎರಡು ಪುಸ್ತಕಗಳೇ ಇವತ್ತಿಗೂ ಪ್ರಪಂಚದ ಕೃಷಿ ಪ್ರಯೋಗಗಳಿಗೆ ಅಡಿಪಾಯ.

ಅವರು ಹೇಳಿಕೊಟ್ಟ ಕಟ್ಟಳೆಗಳು ಮೂರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು: ಒಂದು ತಾಕು ಸಾಲದು, ಹಲವು ತಾಕು ಮಾಡಬೇಕು. ಎರಡನೆಯದು: ಯಾವ ತಾಕಿಗೆ ಔಷಧಿ, ಯಾವುದಕ್ಕೆ ಇಲ್ಲ ಎಂಬುದನ್ನು ನಮ್ಮ ಇಷ್ಟದಂತೆ ಆರಿಸಬಾರದು, ಚೀಟಿ ಎತ್ತಬೇಕು. ನಮ್ಮ ಇಷ್ಟಕ್ಕೆ ಬಿಟ್ಟರೆ ಕೈ ತಾನಾಗೇ ಒಳ್ಳೇ ಮಣ್ಣಿನ ಕಡೆ ಹೋಗುತ್ತೆ. ಮೂರನೆಯದು: ಒಂದೇ ತರಹದ ನೆಲವನ್ನು ಒಂದು ಗುಂಪು ಮಾಡಿ, ಹೋಲಿಕೆಯನ್ನು ಆ ಗುಂಪಿನ ಒಳಗೇ ಮಾಡಬೇಕು. ಗರಸಿಗೆ ಗರಸು, ಗೋಡಿಗೆ ಗೋಡು. ಇಷ್ಟೇ. ಇದರಲ್ಲಿ ರೈತನಿಗೆ ಅರ್ಥವಾಗದ್ದು ಯಾವುದೂ ಇಲ್ಲ.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ. 1931ರಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಬಂಗಾಳದ ಸೆಣಬಿನ ಬೆಳೆಯನ್ನು ಸ್ಯಾಂಪಲ್ ಹಿಡಿದು ಅಂದಾಜು ಮಾಡುವ ಕ್ರಮ ತಂದರು. ಪಾಂಡುರಂಗ ವಾಸುದೇವ ಸುಖಾತ್ಮೆ ಅವರು 1940ರ ದಶಕದಲ್ಲಿ ಬೆಳೆ ಕಟಾವು ಪ್ರಯೋಗಕ್ಕೆ ಶಿಸ್ತು ತಂದರು. ಕಟಾವಿನ ತಾಕು ತೀರಾ ಚಿಕ್ಕದಾದರೆ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ ಎಂದು ತೋರಿಸಿದವರು ಅವರೇ. ದೆಹಲಿಯಲ್ಲಿ 1930ರಲ್ಲಿ ಒಂದು ಸಣ್ಣ ವಿಭಾಗವಾಗಿ ಶುರುವಾದದ್ದು 1959ರಲ್ಲಿ ಸಂಸ್ಥೆಯಾಯಿತು. ಅದೇ ಇವತ್ತಿನ ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ.

ಇದೆಲ್ಲ ದೆಹಲಿ ಕಲ್ಕತ್ತೆ ಮಾತಾಯಿತು, ನಮಗೇನು ಅಂತ ಕೇಳಬಹುದು. ನಿಮ್ಮ ಬೆಳೆ ವಿಮೆ ಇದೆಯಲ್ಲ, 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆ, ಅದರ ಹಣ ಬರುವುದೂ ಬಿಡುವುದೂ ಬಹುಮಟ್ಟಿಗೆ ಈ ಕಟಾವಿನ ಮೇಲೆ ನಿಂತಿದೆ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಟಾವು ಎಂದು ಆ ಯೋಜನೆಯಲ್ಲಿ ನಿಯಮ ಮಾಡಿದರು. ಒಂದೊಂದು ತಾಕು ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ, ಅಂದರೆ 25 ಚದರ ಮೀಟರ್. ಒಂದು ಎಕರೆಯಲ್ಲಿ ಇಂಥ ತಾಕು ಸುಮಾರು 162 ಹಿಡಿಸುತ್ತವೆ. ಹಾಗಾಗಿ ಆ ತಾಕಿನ ತೂಕದಲ್ಲಿ ಅರ್ಧ ಕೆ.ಜಿ. ಹೆಚ್ಚುಕಡಿಮೆಯಾದರೆ ಎಕರೆಯ ಲೆಕ್ಕದಲ್ಲಿ 81 ಕೆ.ಜಿ. ಹೆಚ್ಚುಕಡಿಮೆಯಾಗುತ್ತದೆ. ಟೇಪು ಹಿಡಿಯುವವನ ಕೈಯಲ್ಲಿ, ತಕ್ಕಡಿ ಹಿಡಿಯುವವನ ಕಣ್ಣಲ್ಲಿ ಇಡೀ ಪಂಚಾಯಿತಿಯ ವಿಮೆ ಇದೆ ಎಂದ ಹಾಗಾಯಿತು. ಈಗಲಾದರೂ ಲೆಕ್ಕದ ಪಾಠ ನಮಗೆ ಸಂಬಂಧಿಸಿದ್ದು ಅಂತ ಒಪ್ಪುತ್ತೀರಿ ತಾನೇ?

ಇನ್ನು ಸಂಶೋಧಕರ ವಿಷಯಕ್ಕೆ ಬರೋಣ. ತಳಿ ಬಿಡುಗಡೆ ಮಾಡುವವರು, ಗೊಬ್ಬರದ ಪ್ರಮಾಣ ಹೇಳುವವರು ಕೃಷಿ ಓದಿದವರು. ಗಿಡ, ಮಣ್ಣು, ಹುಳ ಚೆನ್ನಾಗಿ ಬಲ್ಲವರು. ಆದರೆ ಲೆಕ್ಕದ ಪಾಠ ಅವರಿಗೆ ಕಾಲೇಜಿನಲ್ಲಿ ಒಂದೋ ಎರಡೋ ಪತ್ರಿಕೆಯಷ್ಟು. ಕೆಲಸಕ್ಕೆ ಸೇರಿ ದೂರದ ಸಂಶೋಧನಾ ಕೇಂದ್ರಕ್ಕೆ ಹೋದ ಮೇಲೆ ಪಕ್ಕದಲ್ಲಿ ಕೇಳೋಣ ಅಂದರೆ ಸಂಖ್ಯಾಶಾಸ್ತ್ರ ಬಲ್ಲವರು ಇರುವುದಿಲ್ಲ, ಅವರು ಇರುವುದು ಮುಖ್ಯ ಕಚೇರಿಯಲ್ಲಿ. ಆದ್ದರಿಂದ ಎಷ್ಟೋ ಸಲ ಬಿತ್ತನೆಯಾಗಿ, ಕಟಾವಾಗಿ, ಅಂಕಿ ಬರೆದುಕೊಂಡ ಮೇಲೆ ಲೆಕ್ಕದವರ ಹತ್ತಿರ ಹೋಗುತ್ತಾರೆ. ಅದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ತಾಕು ಹಾಕುವಾಗಲೇ ಚೀಟಿ ಎತ್ತದೇ ಇದ್ದರೆ, ಆಮೇಲೆ ಎಂಥ ಕಂಪ್ಯೂಟರಿಗೆ ಹಾಕಿದರೂ ಆ ತಪ್ಪು ತಿದ್ದಿಕೊಳ್ಳುವುದಿಲ್ಲ.

ಈ ಕಷ್ಟ ನಮ್ಮಲ್ಲಿರುವಂತೆ ಆಫ್ರಿಕಾದ ದೇಶಗಳಲ್ಲೂ ಇದೆ. ಆಫ್ರಿಕಾ ಅಂದ ಕೂಡಲೇ ಬಹಳ ದೂರ ಅಂದುಕೊಳ್ಳಬೇಡಿ. ನಾವು ದಿನಾ ಉಣ್ಣುವ ರಾಗಿಯ ತವರು ಪೂರ್ವ ಆಫ್ರಿಕಾ. ನಮ್ಮ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರು. ಈಗ ನಾವು ಬಿತ್ತುವ ಜಿ.ಪಿ.ಯು.-28ರ ವಂಶದಲ್ಲೂ ಇಂಡಾಫ್ ತಳಿಗಳಿವೆ. ಹಾಗಾಗಿ ಅವರು ನಮಗೆ ಬೀಗರಿದ್ದ ಹಾಗೆ.

ಕೀನ್ಯಾ ದೇಶದ ಪಶ್ಚಿಮಕ್ಕೆ ಮಸೇನೋ ಎಂಬ ವಿಶ್ವವಿದ್ಯಾಲಯವಿದೆ. ಅಲ್ಲಿ ಪಾಠ ಹೇಳುತ್ತಿದ್ದವರೂ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರೂ ಕೂಡಿ, ಸೂತ್ರ ಬಾಯಿಪಾಠ ಮಾಡಿಸುವ ಬದಲು ಸ್ವಂತ ಅಂಕಿಗಳ ಮೇಲೆ ಕೆಲಸ ಮಾಡಿಸಿ ಕಲಿಸುವ ದಾರಿ ಹಿಡಿದರು. ಲೆಕ್ಕ ಮಾಡುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಇದೆ, ಅದರ ಹೆಸರು ಒಂದೇ ಅಕ್ಷರ, 'ಆರ್'. 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಅದನ್ನು ಮಾಡಿ ಪ್ರಪಂಚಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟರು. ಅದಕ್ಕೆ ಮುಂಚೆ ಇಂಥ ಪ್ರೋಗ್ರಾಂ ಬೇಕೆಂದರೆ ಸಾಮಾನ್ಯವಾಗಿ ದುಡ್ಡು ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕಾಗಿತ್ತು, ಬಡ ದೇಶದ ಕೇಂದ್ರಗಳಿಗೆ ಅದು ಆಗದ ಮಾತು. ಆದರೆ ಆರ್ ಕಲಿಯುವುದು ಹೊಸಬರಿಗೆ ಕಷ್ಟ. ಆದ್ದರಿಂದ ಕೀನ್ಯಾದ ಈ ಗುಂಪಿನವರು ಪಟ್ಟಿಯಿಂದ ಆರಿಸಿ ಒತ್ತಿದರೆ ಕೆಲಸ ಮಾಡುವ 'ಆರ್-ಇನ್‌ಸ್ಟ್ಯಾಟ್' ಎಂಬುದನ್ನು ಕಟ್ಟಿದರು. ಅದಕ್ಕೆ 2015ರಲ್ಲಿ ಜನರಿಂದಲೇ ವಂತಿಗೆ ಎತ್ತಿದ್ದರು. ಹತ್ತು ಜನ ಸೇರಿ ಒಂದು ಕೆಲಸ ಎತ್ತುವುದು ಸಹಕಾರಿಗಳಾದ ನಮಗೆ ಹೊಸದಲ್ಲ.

ನಮ್ಮಲ್ಲೂ ದೆಹಲಿಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಪ್ರಯೋಗದ ತಾಕುಗಳನ್ನು ಹೇಗೆ ಹಂಚಬೇಕು ಎಂಬುದನ್ನು ಇಂಟರ್‌ನೆಟ್ ಮೂಲಕವೇ ಒದಗಿಸುತ್ತಾರೆ. ಯಾವ ಮೂಲೆಯ ಕೇಂದ್ರದವರಾದರೂ ತೆಗೆದುಕೊಳ್ಳಬಹುದು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂತು. ಅದರಲ್ಲಿ ಸಂಖ್ಯಾಶಾಸ್ತ್ರದ ಪಾಠಗಳಿವೆ, ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ.

ಇದು ಹೇಗೆ ನಡೆಯುತ್ತೆ ಅಂತ ನಾವು ನೋಡಿದ್ದು ನಮ್ಮ ಸಂಘದ ಗೋಡೌನ್ ಮೆಟ್ಟಿಲ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಮ್ಮೂರ ಹೆಣ್ಣುಮಗಳು ಮನೆಗೆ ಬಂದಿದ್ದಳು. ಊರೊಳಗೆ ಸಿಗ್ನಲ್ ಸಿಗದೆ, ಗೋಡೌನ್ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂರುತ್ತಿದ್ದಳು. ರಾತ್ರಿ ಎಂಟಾದರೂ ಅಲ್ಲೇ. ಆಡಿಕೊಳ್ಳುವವರು ಆಡಿಕೊಂಡರು. ನಾವೇ ಒಂದು ಸಲ ಗದರಿದ ಹಾಗೆ ಕೇಳಿದೆವು. ಅವಳು, "ದೊಡ್ಡಪ್ಪ, ಲೆಕ್ಕದ ಪಾಠ. ನಮ್ಮ ರಾಗಿ ತಾಕಿನ ಅಂಕಿ ಹಾಕಿ ನೋಡ್ತಾ ಇದೀನಿ" ಅಂದಳು. ಪಾಠ ಮೊದಲೇ ರೆಕಾರ್ಡ್ ಮಾಡಿರುತ್ತಾರೆ, ಕರೆಂಟು ಹೋದರೆ ಬಂದ ಮೇಲೆ ಮತ್ತೆ ಕೇಳಬಹುದು. ವಾರಕ್ಕೊಮ್ಮೆ ಮೇಷ್ಟ್ರು ಎದುರು ಬಂದು ಸಂಶಯ ಬಿಡಿಸುತ್ತಾರೆ. ಮೂರು ದಿನದ ತರಬೇತಿಗೆ ಬಸ್ಸು ಹತ್ತಿ ಹೋಗಿ ಸರ್ಟಿಫಿಕೇಟ್ ತಂದು ಮರೆಯುವುದಕ್ಕಿಂತ, ತನ್ನದೇ ಹೊಲದ ಅಂಕಿ ಇಟ್ಟುಕೊಂಡು ಮೂರು ತಿಂಗಳು ನಿಧಾನವಾಗಿ ಕಲಿಯುವುದು ಮೇಲು ಅಂತ ಅವಳು ಹೇಳಿದಳು. ಅವಳ ಮುಂದೆ ನಾವು ಟಾನಿಕ್ ಕಥೆ, ಅಜ್ಜಿಯ ಪ್ರಶ್ನೆ ಎರಡನ್ನೂ ಬಿಚ್ಚಿಟ್ಟೆವು.

ಮಾರನೇ ವರ್ಷ ಮುಂಗಾರಿನಲ್ಲಿ ಅವಳೇ ಮುಂದೆ ನಿಂತು ಒಂದು ಪ್ರಯೋಗ ಮಾಡಿಸಿದಳು. ಡೈರೆಕ್ಟರುಗಳು ಕೈಯಿಂದ ದುಡ್ಡು ಹಾಕಿ ಅದೇ ಟಾನಿಕ್ ತಂದೆವು. ಹನ್ನೆರಡು ಸದಸ್ಯರ ಕಡಲೆಕಾಯಿ ಹೊಲ, ಒಂದೊಂದು ಹೊಲದಲ್ಲೂ ಒಂದೇ ತರಹದ ಮಣ್ಣಿನಲ್ಲಿ ಅಕ್ಕಪಕ್ಕ ಒಂದೊಂದು ಗುಂಟೆಯ ಎರಡು ತಾಕು. ಯಾವುದಕ್ಕೆ ಟಾನಿಕ್ ಎಂಬುದಕ್ಕೆ ನಾಣ್ಯ ಚಿಮ್ಮಿದೆವು. ಇನ್ನೊಂದಕ್ಕೆ ಬರೀ ನೀರು ಹೊಡೆದೆವು. ಕೊಯ್ಲಾದ ಮೇಲೆ ಕಾಯಿ ಒಣಗಿಸಿ ಸಂಘದ ತಕ್ಕಡಿಯಲ್ಲೇ ತೂಗಿದೆವು. ತೂಗುವ ಹುಡುಗನಿಗೆ ಯಾವ ಮೂಟೆ ಯಾವ ತಾಕಿನದು ಅಂತ ಹೇಳಿರಲಿಲ್ಲ.

ಏಳು ಹೊಲದಲ್ಲಿ ಟಾನಿಕ್ ತಾಕು ಮುಂದೆ, ಐದರಲ್ಲಿ ನೀರಿನ ತಾಕು ಮುಂದೆ. ನಾವು ಖುಷಿಯಿಂದ, "ನೋಡಮ್ಮ, ಗೆದ್ದಿತಲ್ಲ!" ಅಂದೆವು. ಅವಳು ಅದೇ ನಾಣ್ಯ ಕೈಗೆ ಕೊಟ್ಟು ಹನ್ನೆರಡು ಸಲ ಚಿಮ್ಮಿಸಿದಳು. ಏನೂ ಔಷಧಿ ಇಲ್ಲದ ಬರೀ ನಾಣ್ಯವನ್ನು ಹನ್ನೆರಡು ಸಲ ಚಿಮ್ಮಿದರೆ, ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವ ಸಂಭವ 100ಕ್ಕೆ 39. ಅಂದರೆ ನಮ್ಮ ಏಳು-ಐದು ಬರೀ ಅದೃಷ್ಟದಿಂದಲೂ ಆಗಬಹುದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಹೊಲದಲ್ಲಿ ಗೆದ್ದಿದ್ದರೆ ಮಾತು ಬೇರೆ, ಹಾಗೆ ಸುಮ್ಮನೆ ಆಗುವ ಸಂಭವ 100ಕ್ಕೆ ಎರಡೇ. ಹಾಗಂತ ಆ ಟಾನಿಕ್‌ನಲ್ಲಿ ಏನೇನೂ ಇಲ್ಲ ಅಂತಲೂ ನಾವು ಹೇಳುವ ಹಾಗಿಲ್ಲ. ಸಣ್ಣ ಲಾಭ ಇದ್ದರೆ ಹನ್ನೆರಡು ಹೊಲದಲ್ಲಿ ಅದು ಕಾಣುವುದಿಲ್ಲ. ಆದರೆ ಎಕರೆಗೆ ಮೂರು ಮೂಟೆ ಅಂದಿದ್ದರಲ್ಲ, ಅಷ್ಟು ದೊಡ್ಡದು ನಿಜವಾಗಿ ಇದ್ದಿದ್ದರೆ ಅದು ಮುಚ್ಚಿಕೊಂಡು ಕೂರುತ್ತಿರಲಿಲ್ಲ. ಇಷ್ಟು ತಿಳಿಯಲು ನಮಗೆ ಖರ್ಚಾದದ್ದು ಮೂರು ಡಬ್ಬ. ತಿಳಿಯದೆ ಖರ್ಚು ಮಾಡಿದ್ದು 180 ಡಬ್ಬ.

ಇನ್ನೊಂದು ಮಾತು ಅವಳು ಹೇಳಿದ್ದು ನಮ್ಮ ತಲೆಯಲ್ಲಿ ನಿಂತಿದೆ. ಸಂಶೋಧನೆಯಲ್ಲಿ 100ಕ್ಕೆ ಐದು ಎಂಬ ಗೆರೆ ಹಾಕಿಕೊಂಡಿರುತ್ತಾರೆ. ಬರೀ ಅದೃಷ್ಟದಿಂದ ಹೀಗಾಗುವ ಸಂಭವ ಆ ಗೆರೆಗಿಂತ ಕೆಳಗಿದ್ದರೆ ವ್ಯತ್ಯಾಸ ಇದೆ ಅಂತ ಬರೆಯುತ್ತಾರೆ. ಈಗ ಯೋಚನೆ ಮಾಡಿ: ಏನೂ ಗುಣವಿಲ್ಲದ 20 ಔಷಧಿ ತಂದು ಒಂದೊಂದು ಪ್ರಯೋಗ ಮಾಡಿದರೆ, ಸರಾಸರಿ ಒಂದು ಔಷಧಿ ಸುಮ್ಮಸುಮ್ಮನೆ ಗೆದ್ದ ಹಾಗೆ ಕಾಣುತ್ತೆ. ಹತ್ತೊಂಬತ್ತರ ಕಥೆ ಕಪಾಟಿಗೆ ಹೋಗುತ್ತೆ, ಗೆದ್ದ ಒಂದರ ಕರಪತ್ರ ನಮ್ಮ ಬಾಗಿಲಿಗೆ ಬರುತ್ತೆ! ಬಟನ್ ಒತ್ತುವುದು ಕಲಿತ ಮಾತ್ರಕ್ಕೆ ಸಂಶೋಧಕರಾಗುವುದಿಲ್ಲ, ಬಂದ ಉತ್ತರವನ್ನು ಎಷ್ಟು ನಂಬಬೇಕು ಅಂತ ತಿಳಿಯುವುದೇ ನಿಜವಾದ ತರಬೇತಿ ಎಂದು ಇದರಿಂದ ನಮಗೆ ಅರ್ಥವಾಯಿತು.

ರೈತರೂ ಇಂಥ ಪ್ರಯೋಗದಲ್ಲಿ ಪಾಲುದಾರರಾಗಬಹುದು ಎಂಬುದಕ್ಕೆ ಒಂದು ಉದಾಹರಣೆ ಹೇಳಿ ಮುಗಿಸುತ್ತೇವೆ. 'ಟ್ರೈಕಾಟ್' ಎಂಬ ಒಂದು ಕ್ರಮವಿದೆ. ಒಬ್ಬೊಬ್ಬ ರೈತನಿಗೆ ಮೂರು ಸಣ್ಣ ಬೀಜದ ಪೊಟ್ಟಣ ಕೊಡುತ್ತಾರೆ. ಮೇಲೆ ಹೆಸರಿಲ್ಲ, ಎ, ಬಿ, ಸಿ ಅಂತ ಮಾತ್ರ. ಯಾರಿಗೆ ಯಾವ ಮೂರು ಎಂಬುದು ಚೀಟಿ ಎತ್ತಿದ ಹಾಗೆ. ರೈತ ತನ್ನ ಹೊಲದಲ್ಲಿ ತನ್ನ ಪದ್ಧತಿಯಲ್ಲೇ ಬೆಳೆದು, ಮೂರರಲ್ಲಿ ಯಾವುದು ಚೆನ್ನ, ಯಾವುದು ಕಳಪೆ ಎಂದಷ್ಟೇ ಹೇಳಬೇಕು. ಒಬ್ಬನ ಮಾತಿಗೆ ಬೆಲೆ ಕಡಿಮೆ, ಸಾವಿರಾರು ಜನರ ಮಾತು ಕೂಡಿದಾಗ ಯಾವ ತಳಿ ಎಂಥ ಹವೆಗೆ ಹೊಂದುತ್ತೆ ಎಂದು ಗೊತ್ತಾಗುತ್ತೆ. ಪೊಟ್ಟಣ ಹಂಚುವ ಪಟ್ಟಿ, ಕೊನೆಯ ಲೆಕ್ಕ ಎರಡನ್ನೂ ಮಾಡಿಕೊಡುವ ಪ್ರೋಗ್ರಾಂ ಇಂಟರ್‌ನೆಟ್‌ನಲ್ಲೇ ಇದೆ. ನಿಕರಾಗುವಾದ ಹುರುಳಿಕಾಯಿ ಕಾಳು, ಇಥಿಯೋಪಿಯಾದ ಗೋಧಿ, ನಮ್ಮ ಉತ್ತರ ಭಾರತದ ಗೋಧಿ ಇವುಗಳ ಮೇಲೆ ಹೀಗೆ ರೈತರೇ ನಡೆಸಿದ 12,409 ತಾಕುಗಳ ಫಲಿತಾಂಶ 2019ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಲೆಕ್ಕ ಮಾಡಿದವರು ಸಂಶೋಧಕರು, ನೋಡಿ ಹೇಳಿದವರು ನಮ್ಮಂಥವರು.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಆನ್‌ಲೈನ್ ಪಾಠ ಬಂತು ಅಂತ ಕೇಂದ್ರಗಳಲ್ಲಿ ಸಂಖ್ಯಾಶಾಸ್ತ್ರಜ್ಞರ ಹುದ್ದೆ ಖಾಲಿ ಬಿಡುವುದು ಸರಿಯಲ್ಲ. ಹೊಲದ ಏರುತಗ್ಗು ಮೊಬೈಲ್ ಪರದೆಯಲ್ಲಿ ಕಾಣುವುದಿಲ್ಲ. ಇನ್ನೂ ಮುಖ್ಯವಾದದ್ದು ಭಾಷೆ. ಈ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇವೆ. ಆದರೆ ತಾಕು ಅಳೆಯುವವರು, ಗಿಡ ಎಣಿಸುವವರು, ತೂಕ ಬರೆಯುವವರು ನಮ್ಮಂತೆ ಎಸ್ಸೆಸ್ಸೆಲ್ಸಿ ಓದಿದ ಕ್ಷೇತ್ರ ಸಹಾಯಕರು, ಕೂಲಿ ಹೆಣ್ಣುಮಕ್ಕಳು. ಅಂಕಿ ಹುಟ್ಟುವುದು ಅವರ ಕೈಯಲ್ಲಿ. ಅಲ್ಲಿ ತಪ್ಪಿದರೆ ಮೇಲೆ ಕೂತ ಡಾಕ್ಟರೇಟ್ ಆದವರೂ ತಪ್ಪನ್ನೇ ಗುಣಿಸುತ್ತಾರೆ, ತಪ್ಪನ್ನೇ ಭಾಗಿಸುತ್ತಾರೆ. ಆದ್ದರಿಂದ ಇಂಥ ಪಾಠ ಕನ್ನಡದಲ್ಲೂ ಬರಬೇಕು, ಕೆಳಗಿನವರಿಗೂ ಸಿಗಬೇಕು ಎಂದು ನಮ್ಮ ವಿಶ್ವವಿದ್ಯಾಲಯಗಳನ್ನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇವೆ.

ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತಿದ್ದೇವೆ. ಒಂದು, ಯಾವ ಹೊಸ ಔಷಧಿ, ಗೊಬ್ಬರ, ಬೀಜವನ್ನಾದರೂ ಸಂಘ ದಾಸ್ತಾನು ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು: ಎಷ್ಟು ಹೊಲದಲ್ಲಿ ನೋಡಿದ್ದೀರಿ? ಹಾಕದ ತಾಕು ಪಕ್ಕದಲ್ಲೇ ಇತ್ತೇ? ತಾಕು ಆರಿಸಿದ್ದು ಯಾರು, ಹೇಗೆ? ಎರಡು, ಸರಿಯಾದ ಉತ್ತರ ಸಿಗದಿದ್ದರೆ ಕನಿಷ್ಠ ಹನ್ನೆರಡು ಸದಸ್ಯರ ಹೊಲದಲ್ಲಿ ನಾವೇ ಒಂದು ಹಂಗಾಮು ನೋಡಿ, ಆಮೇಲೆ ಠರಾವು ಮಾಡಬೇಕು. ಮೂರು, ಗೋಡೌನ್ ಪಕ್ಕದ ಸಣ್ಣ ಕೊಠಡಿಗೆ ಇಂಟರ್‌ನೆಟ್ ಹಾಕಿಸಿ, ಒಂದು ಮೇಜು ಕುರ್ಚಿ ಇಟ್ಟು, ಓದುವ ನಮ್ಮೂರ ಮಕ್ಕಳಿಗೆ ಬಿಟ್ಟುಕೊಡಬೇಕು. ಹೆಣ್ಣುಮಗಳೊಬ್ಬಳು ಮೆಟ್ಟಿಲ ಮೇಲೆ, ಸೊಳ್ಳೆ ಕಚ್ಚಿಸಿಕೊಂಡು, ಜನರ ಮಾತು ಕೇಳಿಕೊಂಡು ಕಲಿಯುವ ಹಾಗೆ ಇನ್ನು ಮೇಲೆ ಆಗಬಾರದು.

ಹಿಂದಿನ ಸಾಲಿನಲ್ಲಿ ನಿಂತು ಪ್ರಶ್ನೆ ಕೇಳಿದ ಆ ಅಜ್ಜಿ ಈಗ ನಮ್ಮೊಂದಿಗಿಲ್ಲ. ಅವರ ಎರಡು ಎಕರೆಯನ್ನು ಮಗ ಮಾಡುತ್ತಿದ್ದಾರೆ, ಅವರೂ ನಮ್ಮ ಸದಸ್ಯರೇ, ಇಲ್ಲೇ ಕೂತಿದ್ದಾರೆ. ಹೊಡೆಯದೇ ಇದ್ದಿದ್ದರೆ ಎಷ್ಟು ಬರುತ್ತಿತ್ತು ಎಂಬ ಅವರ ತಾಯಿಯ ಪ್ರಶ್ನೆಗೆ ಅವತ್ತು ನಾವು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಧೈರ್ಯವನ್ನೂ ಮಾಡಲಿಲ್ಲ. ಆ ತಪ್ಪನ್ನು ಇವತ್ತು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಮುಂದಿನ 25 ವರ್ಷದಲ್ಲಿ ಇದೇ ಪ್ರಶ್ನೆಯನ್ನು ಯಾವ ಸದಸ್ಯರು ಕೇಳಿದರೂ, ಎದುರಿಗೆ ಕೂತ ಡೈರೆಕ್ಟರುಗಳ ಕೈಯಲ್ಲಿ ಲೆಕ್ಕದ ಪುಸ್ತಕ ಇರಲಿ ಎಂದು ಹಾರೈಸುತ್ತೇವೆ.